ಐದು ಸ್ಟಾರಿನ ಆಪತ್ತು

ಏಳನೆಯ ಕಂತು: ಚೀಟಿ ಓದಿದ್ದು ಯಾರು?

"ಗಟ್ಟಿಯಾಗಿ ಓದಿ ಪ್ರೇಮಕ್ಕ. ಊರಿಗೆಲ್ಲ ಗೊತ್ತಾದ ಮೇಲೆ ನನಗೊಬ್ಬಳಿಗೆ ಎಂತ ಗುಟ್ಟು," ಎಂದು ಆಸ್ಯಮ್ಮ ಕತ್ತರಿ ಕೆಳಗಿಟ್ಟಳು.

ಪ್ರೇಮಕ್ಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಫೋನನ್ನು ಕೈ ನೀಡಿದಷ್ಟು ದೂರ ಹಿಡಿದು ಓದಿದಳು.

"'ಬೆಳ್ತಂಗಡಿಯ ಹೋಮಿಯೋಪತಿ ಡಾಕ್ಟ್ರಮ್ಮನ ಕುತ್ತಿಗೆಯ ಮಚ್ಚೆ ಕಾಣದ ಹಾಗೆ ಕಾಲರ್ ಏರಿಸಿ ಹೊಲಿದ ಜಾಣ್ಮೆ ಈ ಜಿಲ್ಲೆಯಲ್ಲಿ ಬೇರೆ ಯಾರಿಗೂ ಇಲ್ಲ. ಹಿಂದೆ ಕೂಡ ಧಾರಾಳ ಜಾಗ ಉಂಟು, ಯಾರಿಗೂ ಉಸಿರು ಕಟ್ಟುವುದಿಲ್ಲ. ಎಲ್ಲರೂ ಬನ್ನಿ.' ಐದು ಸ್ಟಾರ್. ಹತ್ತು ಗಂಟೆ ಐದು ನಿಮಿಷಕ್ಕೆ ಹಾಕಿದ್ದು."

ಬಂಟ್ವಾಳ ಪೇಟೆಯ ಆ ಪುಟ್ಟ ಹೊಲಿಗೆ ಅಂಗಡಿಯ ಗಿರಾಕಿಗಳ ಬೆಂಚಿನಲ್ಲಿ ದೊಡ್ಡದೊಂದು ಖಾಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಪಾಣೆಮಂಗಳೂರಿನ ರಾಫಿಯಾ ನಿಧಾನವಾಗಿ ಚೀಲದ ಬಾಯಿ ಬಿಡಿಸಿದಳು.

ಎರಡು ವಾರದಿಂದ 'ಸಂತೃಪ್ತ ಬಂಟ್ವಾಳ' ಎಂಬ ಹೆಸರಿನ, ದಾಸವಾಳದ ಫೋಟೋ ಹಾಕಿಕೊಂಡ ಯಾವುದೋ ಅನಾಮಿಕ ಪ್ರಾಣಿ ಆಸ್ಯಮ್ಮನ ಅಂಗಡಿಯನ್ನು ನೆಟ್ಟಿನಲ್ಲಿ ಹೊಗಳಿ ಹೊಗಳಿ ಮುಳುಗಿಸುತ್ತಿತ್ತು. ಬೈದಿದ್ದರೆ ಯಾರೋ ಹೊಟ್ಟೆಕಿಚ್ಚಿನವರು ಎಂದು ಜನ ಬಿಟ್ಟುಬಿಡುತ್ತಿದ್ದರು. ಹೊಗಳಿಕೆಗೆ ಮದ್ದಿಲ್ಲ. ಕಲ್ಲಡ್ಕದ ಟೀಚರಮ್ಮನ ಬ್ಲೌಸನ್ನು ಒಂದೇ ವರ್ಷದಲ್ಲಿ ಮೂರನೇ ಸಲ ಬಿಚ್ಚಿ ಅಗಲ ಮಾಡಿದರೂ ಹೊಲಿಗೆಯ ಗುರುತೇ ಕಾಣದು ಎಂದು ಅದು ಕೊಂಡಾಡಿತ್ತು. ಪಾಣೆಮಂಗಳೂರಿನ ಬ್ಯಾಂಕಿನ ಮೇಡಮ್ಮನ ಒಂದು ಭುಜ ತಗ್ಗಿದ್ದರೂ ಒಳಗೆ ಪ್ಯಾಡ್ ಇಟ್ಟು ಸಮ ಮಾಡಿದ್ದನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿತ್ತು. ಟೀಚರಮ್ಮ ಈಗ ಅಂಗಡಿಯ ಎದುರು ಬಂದರೆ ರಸ್ತೆಯ ಆಚೆ ಬದಿಗೆ ದಾಟುತ್ತಾಳೆ. ಬ್ಯಾಂಕಿನ ಮೇಡಂ ಹೊಲಿಯಲು ಕೊಟ್ಟ ಬಟ್ಟೆಯನ್ನು ಹೊಲಿಯದೆಯೇ ವಾಪಸು ಒಯ್ದಿದ್ದಾಳೆ.

ಇದರ ಜೊತೆಗೆ ಇನ್ನೊಂದು ವಿಚಿತ್ರ. 'ಹತ್ತಿರದ ಲೇಡೀಸ್ ಟೈಲರ್' ಎಂದು ಯಾರು ಹುಡುಕಿದರೂ ಈಗ ಮೊದಲು ಬರುವುದು ಆಸ್ಯಮ್ಮನ ಅಂಗಡಿ. ತಿಂಗಳ ಹಿಂದೆ ಮೂರು ಪುಟ ಸರಿಸಿದರೂ ಅದು ಸಿಗುತ್ತಿರಲಿಲ್ಲ. ಊರೆಲ್ಲ ನೋಡುವ ಜಾಗದಲ್ಲಿ ಊರಿನವರ ಗುಟ್ಟು ಹರಡಿಕೊಂಡು ಅಂಗಡಿ ಮಿಂಚುತ್ತಿತ್ತು, ಒಳಗೆ ಮಾತ್ರ ಗಿರಾಕಿ ಇಲ್ಲ.

"ಆ ಡಾಕ್ಟ್ರಮ್ಮ ಯಾರು?" ರಾಫಿಯಾ ಕೇಳಿದಳು.

"ಅಂಥವರು ಯಾರೂ ಇಲ್ಲ. ನಾನೇ ಹುಟ್ಟಿಸಿದ್ದು," ಪ್ರೇಮಕ್ಕ ಹೇಳಿದಳು. ಅವಳ ಮುಖದಲ್ಲಿ ಅಪ್ಪಟ ಸಂತೋಷವಿತ್ತು. "ಇದು ನಾನು ಹಾಕಿದ ಗಾಳ. ಮೀನು ಕಚ್ಚಿತು."

ಪ್ರೇಮಾವತಿ, ಊರಿಗೆಲ್ಲ ಪ್ರೇಮಕ್ಕ, ಬೆಳ್ತಂಗಡಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಟ್ರಂಕ್ ಕಾಲಿನ ಕಾಲದಲ್ಲಿ ಇಡೀ ತಾಲೂಕಿನ ಜಗಳ, ಸಂಬಂಧ, ಸಾವು ಎಲ್ಲ ಅವಳ ಕಿವಿಯನ್ನು ದಾಟಿಯೇ ಹೋಗುತ್ತಿದ್ದವು. ಒಂದು 'ಹಲೋ' ಕೇಳಿದರೆ ಸಾಕು, ಮಾತಾಡುತ್ತಿರುವವರು ಯಾರು, ಬೆಳಿಗ್ಗೆ ಮನೆಯಲ್ಲಿ ಯಾರೊಡನೆ ಮುನಿಸಿಕೊಂಡು ಬಂದಿದ್ದಾರೆ ಎಂಬಷ್ಟು ಅವಳು ಹೇಳಬಲ್ಲಳು. ಬಲ್ಲಳು ಅಷ್ಟೇ, ಯಾವತ್ತೂ ಹೇಳಿದವಳಲ್ಲ. ಬಾಯಿ ಬಿಡದ ಹೆಂಗಸರು ಈ ಸೀಮೆಯಲ್ಲಿ ಇಬ್ಬರೇ ಎಂದು ಅವಳ ನಂಬಿಕೆ: ತಾನು, ಮತ್ತು ಮೂವತ್ತೊಂದು ವರ್ಷದಿಂದ ಬಂಟ್ವಾಳದ ಹೆಂಗಸರ ಅಳತೆ ತೆಗೆದ ಆಸ್ಯಮ್ಮ.

ಅಳತೆಯ ಪುಸ್ತಕವಂತೂ ಕಬ್ಬಿಣದ ಪೆಟ್ಟಿಗೆಗಿಂತ ಭದ್ರ. ಆಸ್ಯಮ್ಮ ಮದರಸದಲ್ಲಿ ಕಲಿತ ಅರಬಿ ಅಕ್ಷರದಲ್ಲಿ ಬ್ಯಾರಿ ಭಾಷೆ ಬರೆಯುತ್ತಾಳೆ, ಅದೂ ತನಗೆ ಮಾತ್ರ ತಿಳಿಯುವ ಹಾಗೆ. ಸೋರಿದ್ದು ಅದರಿಂದಲ್ಲ. ಸೋರಿದ್ದು ಬಟ್ಟೆಗೆ ಪಿನ್ನು ಹಾಕಿ ಸಿಕ್ಕಿಸುವ ಚೀಟಿಯಿಂದ ಎಂದು ಪ್ರೇಮಕ್ಕ ಮೊನ್ನೆಯೇ ಕಂಡುಹಿಡಿದಿದ್ದಳು. ಗಿರಾಕಿಯ ಮಾನ ಉಳಿಯಲಿ ಎಂದು ಆಸ್ಯಮ್ಮ ಚೀಟಿಯಲ್ಲಿ ಹೆಸರು ಬರೆಯುವುದಿಲ್ಲ. 'ಕಲ್ಲಡ್ಕ ಟೀಚರ್, ಪುನಃ ಅಗಲ' ಎಂದು ಕನ್ನಡದಲ್ಲಿ ಬರೆಯುತ್ತಾಳೆ. ಹೆಸರು ಬರೆದಿದ್ದರೆ ಅರ್ಧ ಊರಿಗೆ ಅದು ಯಾರೆಂದು ಗೊತ್ತಾಗುತ್ತಿರಲಿಲ್ಲ.

ಹಾಗಾಗಿ ಗಾಳ. ಮೂರು ಸಂಶಯ, ಮೂರು ಸುಳ್ಳು. ಪಕ್ಕದ ಇಸ್ತ್ರಿ ಅಂಗಡಿಯ ಅಬ್ಬಾಸನಿಗೆ ಹೋದ ಬಟ್ಟೆಯ ಚೀಟಿಯಲ್ಲಿ ಒಬ್ಬಳು ನರ್ಸು. ಆಸ್ಯಮ್ಮನಿಗೆ ನೆಟ್ಟಿನ ಪುಟ ಮಾಡಿಕೊಟ್ಟ ಮೊಬೈಲ್ ಅಂಗಡಿಯ ನೌಫಲ್‌ನ ಕಿವಿಗೆ ಒಬ್ಬಳು ಡ್ಯಾನ್ಸ್ ಟೀಚರ್. ಮೂಡುಬಿದಿರೆಯಲ್ಲಿ ಕೂತು ಹುಕ್ಸ್ ಕಟ್ಟಿ, ಅಂಚು ಮಡಿಸಿ ಕೊಡುವ ಪೂವಮ್ಮನಿಗೆ ಹೋಗುವ ಗಂಟಿನಲ್ಲಿ ಈ ಹೋಮಿಯೋಪತಿ ಡಾಕ್ಟ್ರಮ್ಮ.

"ಹಾಗಾದರೆ ಪೂವಮ್ಮ," ಎಂದಳು ಆಸ್ಯಮ್ಮ. ದನಿ ಬಿದ್ದುಹೋಗಿತ್ತು. "ಇಪ್ಪತ್ತೆರಡು ವರ್ಷದಿಂದ ನನ್ನ ಹುಕ್ಸ್ ಕಟ್ಟಿದವಳು. ಅವಳು ಹೀಗೆ ಮಾಡ್ತಾಳಾ ಪ್ರೇಮಕ್ಕ?"

"ಗಂಟು ಅವಳಿಗೆ ಕಳಿಸಿದ್ದು ಹೌದಲ್ಲ?"

"ಬಸ್ಸಿಗೆ ಕೊಟ್ಟಾಯಿತು."

"ಮತ್ತೆ ಮುಗಿಯಿತು."

ರಾಫಿಯಾ ಎದ್ದು ನಿಂತಳು. ಅವಳ ಮಗಳು ಫಿದಾಳ ಮದುವೆಯ ಇಪ್ಪತ್ತೆರಡು ಬಟ್ಟೆಗಳು ಆಸ್ಯಮ್ಮನ ಕೈಗೆ ಬಂದಿದ್ದವು. ಹುಡುಗ ದುಬೈಯವನು. ಸಂಬಂಧ ಗಟ್ಟಿಯಾಗಿದೆ, ಆದರೆ ಯಾರಿಗೂ ಹೇಳಿಲ್ಲ. ಕುಟುಂಬದ ಹಿರಿಯ ಅಬ್ದುಲ್ ಹಕೀಂ ಮಾವ ಉಮ್ರಾಕ್ಕೆಂದು ಮೆಕ್ಕಾಕ್ಕೆ ಹೋಗಿದ್ದಾರೆ. ಅವರು ಬಂದು, ಅವರ ಬಾಯಿಂದಲೇ ನಾಲ್ಕು ಮನೆಗೆ ಸುದ್ದಿ ಹೋಗಬೇಕು. ಬೇರೆ ಕಡೆಯಿಂದ ಮಾವನ ಕಿವಿಗೆ ಬಿದ್ದರೆ ಅವರು ಮದುವೆಗೆ ಬರುವುದಿಲ್ಲ, ಅವರು ಬಾರದ ಮದುವೆಗೆ ಅರ್ಧ ಕುಟುಂಬ ಬರುವುದಿಲ್ಲ.

"ಆಸ್ಯಮ್ಮ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ," ರಾಫಿಯಾ ಹೇಳಿದಳು. "ಆದರೆ ನನ್ನ ಮಗಳ ಸುದ್ದಿಗೆ ಐದು ಸ್ಟಾರ್ ಬೀಳುವುದು ನನಗೆ ಬೇಡ. ಇವತ್ತು ಹನ್ನೆರಡೂವರೆ ಒಳಗೆ ಆ ಮನುಷ್ಯನ ಹೆಸರು ಹೇಳಿ. ಇಲ್ಲದಿದ್ದರೆ ಬಟ್ಟೆ ತಗೊಂಡು ಹೋಗ್ತೇನೆ. ನಾನು ಹೋದರೆ ಉಳಿದವರು ಎಂತ ಮಾಡ್ತಾರೆ ಅಂತ ನಿಮಗೂ ಗೊತ್ತುಂಟು."

ಗೊತ್ತಿತ್ತು. ರಾಫಿಯಾ ಬಟ್ಟೆ ಒಯ್ದಳೆಂದರೆ ನಾಳೆ ಬಾಗಿಲು ತೆರೆದೂ ಪ್ರಯೋಜನವಿಲ್ಲ. ಆಸ್ಯಮ್ಮ ಟೇಪನ್ನು ಕುತ್ತಿಗೆಯಿಂದ ತೆಗೆದು ಸುತ್ತತೊಡಗಿದಳು. ಸುತ್ತಿ ಆದ ಮೇಲೆ ಪುನಃ ಬಿಚ್ಚಿ ಸುತ್ತಿದಳು.

"ಹನ್ನೆರಡೂವರೆಗೆ ಹೆಸರು ನಿಮ್ಮ ಫೋನಿಗೆ ಬರ್ತದೆ," ಎಂದು ಪ್ರೇಮಕ್ಕ ಕೊಡೆ ಎತ್ತಿಕೊಂಡಳು. "ನಾನು ಮೂಡುಬಿದಿರೆಗೆ ಹೋಗಿ ಬರ್ತೇನೆ."

ಸಿದ್ಧಕಟ್ಟೆ ಮೇಲೆ ಹೋಗುವ ನೇರ ಬಸ್ಸು ಸಿಕ್ಕಿತು. ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಪ್ರೇಮಕ್ಕ ಇಡೀ ದಾರಿ ಆ ರಿವ್ಯೂಗಳನ್ನು ಮೆಲ್ಲಗೆ ಬಾಯಲ್ಲಿ ಹೇಳಿಕೊಂಡಳು. ಕೇಳಿದ ದನಿಯನ್ನು ಗುರುತಿಸುವುದು ಅವಳಿಗೆ ಕಷ್ಟವಲ್ಲ, ಆದರೆ ಬರೆದದ್ದಕ್ಕೆ ದನಿ ಎಲ್ಲಿಂದ ತರುವುದು? 'ಹಿಂದೆ ಕೂಡ ಧಾರಾಳ ಜಾಗ ಉಂಟು.' ಪ್ರತಿ ರಿವ್ಯೂನಲ್ಲೂ ಈ ಮಾತು ಇತ್ತು. ಎಲ್ಲೋ ಕೇಳಿದ ಹಾಗೆ, ತುಂಬ ಹತ್ತಿರದಲ್ಲಿ ಕೇಳಿದ ಹಾಗೆ ಅನಿಸುತ್ತಿತ್ತು. ಹೊಲಿಗೆಯವರ ಮಾತೇ ಇರಬೇಕು ಎಂದು ತೀರ್ಮಾನಿಸಿದಳು. ಪೂವಮ್ಮನ ಮೇಲಿನ ಸಂಶಯ ಇನ್ನೂ ಬಲವಾಯಿತು.

ನೌಫಲ್ ಅಲ್ಲ ಎಂಬುದು ನಿನ್ನೆಯೇ ಖಚಿತವಾಗಿತ್ತು. ಬೆದರಿಸಿ ಕೇಳಿದಾಗ ಅವನು ತಲೆ ತಗ್ಗಿಸಿ ಒಪ್ಪಿಕೊಂಡದ್ದು ಬೇರೆಯೇ ಪಾಪವನ್ನು: ಯಾವುದೋ ಪ್ಯಾಕೇಜಿನಲ್ಲಿ ಅವನು ಆಸ್ಯಮ್ಮನಿಗೆ ನಲವತ್ತು ಒಳ್ಳೆಯ ರಿವ್ಯೂ ತರಿಸಿದ್ದ. ಬರೆದವರು ಯಾವ ರಾಜ್ಯದವರೋ, ಅಂಗಡಿ ಯಾವುದೆಂದೇ ಅವರಿಗೆ ಗೊತ್ತಿಲ್ಲ. ಹದಿನಾರು ಮಂದಿ ಆಸ್ಯಮ್ಮನ ಬಿರಿಯಾನಿ ಹೊಗಳಿದ್ದರು. ಒಬ್ಬರು ಈಜುಕೊಳ ಸ್ವಚ್ಛವಾಗಿದೆ ಎಂದಿದ್ದರು. "ನನ್ನದು ಪೂರಾ ಸುಳ್ಳು ಪ್ರೇಮಕ್ಕ," ಎಂದಿದ್ದ ನೌಫಲ್ ಬಹಳ ಪ್ರಾಮಾಣಿಕವಾಗಿ. "ನಿಜ ಬರೆಯುವ ಜನ ನನ್ನ ಹತ್ರ ಇಲ್ಲ." ತಪ್ಪೊಪ್ಪಿಗೆಯ ಗುರುತಿಗೆ, ಹೊಸ ರಿವ್ಯೂ ಬಂದ ಕೂಡಲೇ ಟಿಣ್ ಎನ್ನುವ ಹಾಗೆ ಅವಳ ಫೋನನ್ನು ಸರಿಮಾಡಿಕೊಟ್ಟಿದ್ದ.

ಮೂಡುಬಿದಿರೆ ಬಸ್‌ ಸ್ಟ್ಯಾಂಡಿನ ಹಿಂದೆ, ಕೆಂಪು ಕಲ್ಲಿನ ಮೆಟ್ಟಿಲು ಇಳಿದರೆ ಪೂವಮ್ಮನ ಮನೆ. ಅವಳು ಜಗಲಿಯಲ್ಲಿ ಕಾಲು ಚಾಚಿ ಕುಳಿತು, ಹುಕ್ಸಿನ ಡಬ್ಬಿಯನ್ನು ಮಗ್ಗುಲಲ್ಲಿಟ್ಟುಕೊಂಡು ಸೂಜಿಯೊಡನೆ ಹೋರಾಡುತ್ತಿದ್ದಳು. ಮೊದಲು ಬೀಡಿ ಕಟ್ಟುತ್ತಿದ್ದವಳು. ಬೆರಳು ಈಗಲೂ ಸುಮ್ಮನಿರದು.

"ಬನ್ನಿ ಪ್ರೇಮಕ್ಕ, ದೇವರು ಕಳಿಸಿದ ಹಾಗೆ ಬಂದಿರಿ. ಈ ಸೂಜಿಗೆ ನೂಲು ಹಾಕಿ ಕೊಡಿ. ನನಗೆ ಕಾಣುವುದಿಲ್ಲ."

ವಿಚಾರಣೆಗೆ ಬಂದವರು ನೂಲು ಪೋಣಿಸುತ್ತಾ ಕೂರಬಾರದು. ಆದರೆ ಸೂಜಿ ಆಗಲೇ ಕೈಗೆ ಬಂದಾಗಿತ್ತು. ಪ್ರೇಮಕ್ಕ ನೂಲಿನ ತುದಿಯನ್ನು ನಾಲಗೆಗೆ ಮುಟ್ಟಿಸಿ, ಆದಷ್ಟು ಗಂಭೀರವಾಗಿ ಶುರುಮಾಡಿದಳು.

"ಪೂವಮ್ಮ, ಬಟ್ಟೆಯ ಚೀಟಿ ಓದುವುದು ನೀವಲ್ವಾ?"

"ನಾನೇ. ಮತ್ತೆ ಯಾರು, ಬೆಕ್ಕು ಓದ್ತದಾ?"

"ಓದಿ ಯಾರಿಗೆ ಹೇಳ್ತೀರಿ?"

ಪೂವಮ್ಮನ ಬೆರಳು ನಿಂತಿತು. "ಎಂತ ಕೇಳ್ತಾ ಇದ್ದೀರಿ ನೀವು?"

"ಹೋಮಿಯೋಪತಿ ಡಾಕ್ಟ್ರಮ್ಮನ ಮಚ್ಚೆಯ ಸುದ್ದಿ ನೆಟ್ಟಿನಲ್ಲಿ ಬಂದಿದೆ. ಆ ಚೀಟಿ ಹೋದದ್ದು ನಿಮ್ಮ ಗಂಟಿಗೆ ಮಾತ್ರ."

"ಯಾವ ಡಾಕ್ಟ್ರಮ್ಮ?"

"ನಾಟಕ ಬೇಡ ಪೂವಮ್ಮ. ನಿಮ್ಮ ಫೋನು ತೋರಿಸಿ."

ಪೂವಮ್ಮ ಸೊಂಟದಿಂದ ಫೋನು ತೆಗೆದು ಮಧ್ಯದಲ್ಲಿ ಇಟ್ಟಳು. ಗುಂಡಿ ಒತ್ತುವ ಹಳೆಯ ಫೋನು, ಬ್ಯಾಟರಿ ಬೀಳದಂತೆ ರಬ್ಬರ್ ಬ್ಯಾಂಡ್ ಹಾಕಿದ್ದು. ಅದರಲ್ಲಿ ಐದು ಸ್ಟಾರ್ ಬಿಡಿ, ಐದರ ಅಂಕೆಯ ಗುಂಡಿಯೇ ಕಿತ್ತುಹೋಗಿತ್ತು.

"ಆಸ್ಯಮ್ಮ ನನ್ನ ಮೇಲೆ ಸಂಶಯ ಪಟ್ಟಳಾ?" ಪೂವಮ್ಮನ ದನಿ ಮೆತ್ತಗಾಯಿತು. "ನನ್ನ ಕಣ್ಣಿನ ಆಪರೇಶನ್ ಆದಾಗ ಒಂದು ತಿಂಗಳು ನನಗೆ ಊಟ ಕಳಿಸಿದವಳು ಅವಳು. ಎಷ್ಟು ಮದುಮಗಳಂದಿರ ಬ್ಲೌಸು ಈ ಕೈಯಲ್ಲಿ ಹೋಗಿದೆ. ಯಾವ ಬ್ಲೌಸಿನ ಹೊಟ್ಟೆ ಯಾವಾಗ ದೊಡ್ಡದಾಯಿತು ಅಂತ ನನಗೆ ಅತ್ತೆಯಂದಿರಿಗಿಂತ ಮೊದಲು ಗೊತ್ತುಂಟು. ಒಂದು ದಿನ ಬಾಯಿ ಬಿಟ್ಟದ್ದು ಉಂಟಾ ನಾನು? ನೀವೇ ಹೇಳಿ."

ಪ್ರೇಮಕ್ಕನಿಗೆ ಬಹಳ ನಾಚಿಕೆಯಾಯಿತು. ಬಾಯಿ ಬಿಡದ ಹೆಂಗಸರ ಲೆಕ್ಕ ಎರಡಲ್ಲ, ಮೂರು. ಅವಳು ನೂಲು ಪೋಣಿಸಿದ ಸೂಜಿಯನ್ನು ಕೊಟ್ಟು, ಕೇಳದೆಯೇ ಎರಡನೆಯ ಸೂಜಿಯನ್ನೂ ಎತ್ತಿಕೊಂಡಳು.

"ಆ ಡಾಕ್ಟ್ರಮ್ಮನ ಬ್ಲೌಸ್ ಒಮ್ಮೆ ತೋರಿಸಿ. ಚೀಟಿಯನ್ನು ಬೇರೆ ಯಾರಾದರೂ ನೋಡಿದ್ದಾರೋ ಏನೋ."

"ಎಲ್ಲಿಂದ ತೋರಿಸುವುದು? ಗಂಟು ಇನ್ನೂ ಬರ್ಲೇ ಇಲ್ಲ."

ನೂಲು ಸೂಜಿಯ ಕಣ್ಣು ತಪ್ಪಿ ಪ್ರೇಮಕ್ಕನ ಬೆರಳಿಗೆ ತಗಲಿತು. "ನಿನ್ನೆ ಸಂಜೆಯ ಬಸ್ಸಿಗೆ ಬರ್ಬೇಕಿತ್ತಲ್ಲ?"

"ಬರ್ಬೇಕಿತ್ತು. ಸ್ಟ್ಯಾಂಡಿನ ಸೋಡಾ ಅಂಗಡಿಯಲ್ಲಿ ಇಳಿಸ್ತಾರೆ. ನಿನ್ನೆ ಹೋಗಿ ಕೇಳಿ ಸುಮ್ಮನೆ ಬಂದೆ."

ಪ್ರೇಮಕ್ಕ ಆಸ್ಯಮ್ಮನಿಗೆ ಫೋನು ಮಾಡಿದಳು.

"ನಿನ್ನೆ ಆ ಟ್ರಿಪ್ ಇರ್ಲಿಲ್ಲ ಪ್ರೇಮಕ್ಕ," ಆಚೆಯಿಂದ ಆಸ್ಯಮ್ಮ ಹೇಳಿದಳು. "ಇವತ್ತು ಒಂಬತ್ತೂವರೆಯ ಬಸ್ಸಿಗೆ ಕೊಟ್ಟದ್ದು. ಹಸಿರು ಬಸ್ಸು. ಬೆಳ್ತಂಗಡಿಗೆ ಹೋಗಿ, ವೇಣೂರು ಮೇಲೆ ಮೂಡುಬಿದಿರೆಗೆ ಬರ್ತದೆ. ಹನ್ನೆರಡು ಆಗ್ತದೆ. ಸುತ್ತಾದರೂ ನಂಬಿಕೆಯ ಬಸ್ಸು. ಡ್ರೈವರ್ ಪಕ್ಕದ ಪೆಟ್ಟಿಗೆಯ ಮೇಲೆ ನಾನೇ ಇಟ್ಟು ಬಂದದ್ದು."

ಒಂಬತ್ತೂವರೆಗೆ ಹೊರಟ ಗಂಟು. ಹತ್ತು ಗಂಟೆ ಐದು ನಿಮಿಷಕ್ಕೆ ರಿವ್ಯೂ. ಹನ್ನೆರಡಕ್ಕೆ ಮೂಡುಬಿದಿರೆ. ಪ್ರೇಮಕ್ಕ ತನ್ನ ಹಣೆಯನ್ನು ತಾನೇ ಮೆಲ್ಲಗೆ ಬಡಿದುಕೊಂಡಳು.

ಈ ಊರಿನಲ್ಲಿ 'ಬಸ್ಸಿಗೆ ಕೊಟ್ಟೆ' ಅಂದರೆ ಕೊಟ್ಟಾಯಿತು. ಮಾತ್ರೆ, ಮಲ್ಲಿಗೆ, ಮರೆತುಹೋದ ಮನೆ ಬೀಗದ ಕೈ, ಆಸ್ಪತ್ರೆಯ ರಿಪೋರ್ಟು, ಏನಾದರೂ ಬಸ್ಸಿಗೆ ಕೊಡುತ್ತಾರೆ, ಆಚೆ ಸ್ಟಾಪಿನಲ್ಲಿ ಇಳಿಸಿಕೊಳ್ಳುತ್ತಾರೆ. ಮಧ್ಯದಲ್ಲಿ ಯಾರ ಕೈ ಎಂದು ಯಾರೂ ಕೇಳುವುದಿಲ್ಲ. ಬಸ್ಸಿಗೆ ಕಣ್ಣಿದೆ, ಓದಲು ಬರುತ್ತದೆ ಎಂದು ಯಾರಿಗೂ ಹೊಳೆಯುವುದೇ ಇಲ್ಲ. ಮೂರು ಸಂಶಯ ಎಂದು ಬೆರಳು ಮಡಚಿ ಎಣಿಸಿದ ಪತ್ತೇದಾರಿಣಿಗೂ ನಾಲ್ಕನೆಯದು ಹೊಳೆದಿರಲಿಲ್ಲ.

"ಪ್ರೇಮಕ್ಕ, ಇದ್ದೀರಾ?" ಆಸ್ಯಮ್ಮ ಫೋನಿನಲ್ಲಿ ಕೇಳಿದಳು. "ಇನ್ನೊಂದು ಮಾತು. ಗಂಟಿನಲ್ಲಿ ಡಾಕ್ಟ್ರಮ್ಮ ಒಬ್ಬಳೇ ಅಲ್ಲ."

"ಮತ್ತೆ?"

"ಫಿದಾಳ ಒಂದು ಬ್ಲೌಸು. ಹುಕ್ಸಿಗೆ ತುರ್ತು ಇತ್ತು. ರಾಫಿಯಾ ಕಪಾಟು ನೋಡಿ ಇಪ್ಪತ್ತೊಂದೇ ಉಂಟಲ್ಲ ಅಂತ ಈಗ ಕೇಳಿದಳು."

"ಚೀಟಿಯಲ್ಲಿ ಎಂತ ಬರೆದಿದ್ದೀರಿ?"

"'ಪಾಣೆಮಂಗಳೂರು ಮದುಮಗಳು, ದುಬೈ ಹುಡುಗ, ಮಾವ ಬರುವವರೆಗೆ ಯಾರಿಗೂ ಹೇಳ್ಲಿಕ್ಕಿಲ್ಲ' ಅಂತ. ಪೂವಮ್ಮನಿಗೆ ಜಾಗ್ರತೆ ಹೇಳುವ ಅಂತ ಬರೆದದ್ದು."

ಪ್ರೇಮಕ್ಕ ಸೂಜಿ ಬಿಟ್ಟು ಎದ್ದಳು. ಗಂಟೆ ಹನ್ನೆರಡಕ್ಕೆ ಎಂಟು ನಿಮಿಷ ಬಾಕಿ. ಮೆಟ್ಟಿಲುಗಳನ್ನು ಅವಳು ಹತ್ತಿದ ರಭಸಕ್ಕೆ ಪೂವಮ್ಮ ಹಿಂದಿನಿಂದ "ಮೆಲ್ಲ, ಮೆಲ್ಲ" ಎಂದು ಕೂಗುತ್ತಲೇ ಇದ್ದಳು.

ಸ್ಟ್ಯಾಂಡಿನಲ್ಲಿ ಸೋಡಾ ಅಂಗಡಿಯ ನೆರಳಿಗೆ ನಿಂತು ಪ್ರೇಮಕ್ಕ ಹಸಿರು ಬಸ್ಸಿನ ಬಗ್ಗೆ ಯೋಚಿಸಿದಳು. ಆ ಬಸ್ಸು ಅವಳಿಗೆ ಗೊತ್ತಿಲ್ಲದ್ದಲ್ಲ. ಅವಳ ಗಂಡ ಶೀನಪ್ಪ ಇಪ್ಪತ್ತೇಳು ವರ್ಷ ಕಂಡಕ್ಟರ್ ಆಗಿದ್ದದ್ದು ಅದೇ ರೂಟಿನಲ್ಲಿ. ಎರಡು ವರ್ಷದ ಹಿಂದೆ ಚೀಲ ಇಳಿಸಿ ಮನೆಯಲ್ಲಿ ಕೂತಿದ್ದಾನೆ. ಈಗಿನ ಕಂಡಕ್ಟರ್ ಅನ್ಸಾಫ್ ಎಂಬ ಹುಡುಗ, ಟಿಕೆಟ್ ಹರಿಯಲು ಎರಡು ಕೈ ಸಾಲದವನು, ಅವನಿಗೆ ರಿವ್ಯೂ ಬರೆಯಲು ಪುರುಸೊತ್ತೆಲ್ಲಿ? ಸಂಜೆ ಮನೆಗೆ ಹೋಗಿ ಶೀನಪ್ಪನನ್ನೇ ಕೇಳಿದರೆ ಆಯಿತು, ಡ್ರೈವರ್ ಪಕ್ಕದ ಸೀಟಿನಲ್ಲಿ ದಿನಾ ಕೂರುವವರು ಯಾರೆಂದು ಅವನಿಗೆ ಗೊತ್ತಿರುತ್ತದೆ. ಪಾಪ, ಇವತ್ತು ಬೆಳಿಗ್ಗೆಯೂ ಲೈಬ್ರರಿಗೆ ಪೇಪರ್ ಓದಲು ಹೋಗುತ್ತೇನೆಂದು ಇಸ್ತ್ರಿ ಅಂಗಿ ಹಾಕಿ ಹೊರಟಿದ್ದ. ಎರಡು ವಾರದಿಂದ ಓದಿನ ಹುಚ್ಚು ಹಿಡಿದಿದೆ.

ಹಸಿರು ಬಸ್ಸು ಧೂಳೆಬ್ಬಿಸಿಕೊಂಡು ತಿರುವಿನಲ್ಲಿ ಬಂತು. ನಿಲ್ಲುವ ಮೊದಲೇ ಜನ ಬಾಗಿಲಿಗೆ ಮುತ್ತಿದರು. ಆಗ ಒಳಗಿನಿಂದ, ಮುಂದಿನ ಕಿಟಕಿಯ ಕಡೆಯಿಂದ, ಗಂಟಲು ಪಳಗಿದ ದನಿಯೊಂದು ಕೇಳಿಸಿತು.

"ಹಿಂದೆ ಹೋಗಿ, ಹಿಂದೆ ಹೋಗಿ. ಹಿಂದೆ ಕೂಡ ಧಾರಾಳ ಜಾಗ ಉಂಟು. ಯಾರಿಗೂ ಉಸಿರು ಕಟ್ಟುವುದಿಲ್ಲ."

ಪ್ರೇಮಕ್ಕ ನಿಂತಲ್ಲೇ ನಿಂತಳು. ಇಡೀ ತಾಲೂಕಿನ ಹಲೋ ಗುರುತಿಸಿದ ಕಿವಿ ಅದು. ತನ್ನ ಮನೆಯ ಊಟದ ಮಣೆಯಲ್ಲಿ, ನಿದ್ದೆಗಣ್ಣಿನಲ್ಲೂ ಕೇಳಿದ ದನಿಯನ್ನು ಅದು ಎರಡು ವಾರದಿಂದ ಊರೆಲ್ಲ ಹುಡುಕುತ್ತಿತ್ತು.

ಡ್ರೈವರ್ ಪಕ್ಕದ ಒಂಟಿ ಸೀಟಿನಲ್ಲಿ ಶೀನಪ್ಪ ಕುಳಿತಿದ್ದ. ಇಸ್ತ್ರಿ ಅಂಗಿ, ಕಿಸೆಯಲ್ಲಿ ಅಭ್ಯಾಸಬಲದ ಪೆನ್ನು, ತುಟಿಗಳ ನಡುವೆ ಒಂದು ಗುಂಡುಪಿನ್ನು. ತೊಡೆಯ ಮೇಲೆ ಆಸ್ಯಮ್ಮನ ಗಂಟು ಬಿಚ್ಚಿತ್ತು. ಎಡಗೈಯಲ್ಲಿ ಚೀಟಿ, ಬಲಗೈಯಲ್ಲಿ ಮಗ ಶೋಧನ್ ಕೊಡಿಸಿದ ಹೊಸ ಫೋನು. ಒಂದೊಂದೇ ಅಕ್ಷರ ಹುಡುಕಿ, ತೋರುಬೆರಳಿನಿಂದ ಒತ್ತುತ್ತಿದ್ದ. ಮುಖದಲ್ಲಿ, ಪುಣ್ಯದ ಕೆಲಸ ಮಾಡುವವರಿಗೆ ಮಾತ್ರ ಬರುವ ಶಾಂತಿ.

ಅವಳಿಗೆ ಎಲ್ಲ ನೆನಪಾಯಿತು. ಮೂರು ವಾರದ ಹಿಂದೆ ಗಂಜಿ ಬಡಿಸುತ್ತಾ ತಾನೇ ಹೇಳಿದ್ದು: ಪಾಪದ ಆಸ್ಯಮ್ಮ, ನೆಟ್ಟಿನಲ್ಲಿ ಹುಡುಕಿದರೆ ಅವಳ ಅಂಗಡಿ ಕಾಣುವುದೇ ಇಲ್ಲವಂತೆ, ಅವಳ ಕೆಲಸ ಕಂಡವರು ಒಬ್ಬರಾದರೂ ನಾಲ್ಕು ಒಳ್ಳೆಯ ಮಾತು ಬರೆಯಬಾರದಾ, ಸುಮ್ಮನೆ 'ಚೆಂದ ಉಂಟು' ಅಂತ ಅಲ್ಲ, ವಿವರವಾಗಿ. ಶೀನಪ್ಪ ಉಪ್ಪಿನಕಾಯಿ ನೆಕ್ಕುತ್ತಾ ಹೂಂಗುಟ್ಟಿದ್ದ. ಬಾಯಿ ಬಿಡದ ಹೆಂಗಸು ಒಮ್ಮೆ ಬಾಯಿ ಬಿಟ್ಟದ್ದಕ್ಕೆ ಇಷ್ಟು.

ಕೈಯಲ್ಲಿದ್ದ ಫೋನು ರಿಂಗಾಯಿತು. ರಾಫಿಯಾ.

"ಪ್ರೇಮಕ್ಕ, ಹನ್ನೆರಡು ಕಳೆಯಿತು. ಹೆಸರು ಸಿಕ್ಕಿತಾ?" ಹಿಂದಿನಿಂದ ಕಪಾಟಿನ ಬಾಗಿಲು ಎಳೆದ ಸದ್ದು ಕೇಳಿತು. ಆಸ್ಯಮ್ಮ ಏನೋ ಬೇಡಿಕೊಳ್ಳುತ್ತಿದ್ದದ್ದೂ ಕೇಳಿತು. "ಯಾರು ಅಂತ ಹೇಳಿ. ಮತ್ತೆ ನಾನು, ನಮ್ಮ ಮನೆಯ ಗಂಡಸರು ನೋಡಿಕೊಳ್ತೇವೆ."

ಹೆಸರು ಹೇಳಿದರೆ ಆಸ್ಯಮ್ಮನ ಅಂಗಡಿ ಉಳಿಯುತ್ತದೆ. ಹೇಳಿದರೆ ಶೀನಪ್ಪ ಈ ಮೂರು ಊರುಗಳ ಯಾವ ಸ್ಟಾಪಿನಲ್ಲೂ ತಲೆಯೆತ್ತಿ ಇಳಿಯುವಂತಿಲ್ಲ. ಲೈನಿನ ಮೇಲೆ ಕೂತ ಅಷ್ಟು ವರ್ಷಗಳಲ್ಲಿ ಪ್ರೇಮಕ್ಕ ಒಬ್ಬರಿಗೂ ಸುಳ್ಳು ಹೇಳಿದವಳಲ್ಲ.

"ಲೈನ್ ಎಂಗೇಜ್ ಉಂಟು," ಎಂದು ಹೇಳಿ ಫೋನು ಇಟ್ಟುಬಿಟ್ಟಳು.

ಆಮೇಲೆ ಕೊಡೆಯಿಂದ ಜನರನ್ನು ಸರಿಸುತ್ತಾ ಮುಂದಿನ ಕಿಟಕಿಗೆ ಓಡಿದಳು. ಶೀನಪ್ಪ ಕೊನೆಯ ಅಕ್ಷರ ಒತ್ತಿ, ಫೋನನ್ನು ಸ್ವಲ್ಪ ದೂರ ಹಿಡಿದು ತೃಪ್ತಿಯಿಂದ ನೋಡಿದ. ಆಗ ಕಿಟಕಿಯ ಕೆಳಗೆ ಹೆಂಡತಿಯ ಮುಖ ಕಂಡಿತು.

"ಅರೆ, ನೀನಿಲ್ಲಿ ಎಂತ ಮಾಡ್ತಾ ಇದ್ದಿ?"

ಅವಳು ಉತ್ತರ ಕೊಡುವಷ್ಟರಲ್ಲಿ ಕೈಯಲ್ಲಿದ್ದ ಫೋನು ಟಿಣ್ ಎಂದಿತು. ಅದರ ಬೆನ್ನಿಗೇ ರಾಫಿಯಾ ಮತ್ತೆ ಕರೆ ಮಾಡಿದಳು.